ಅರ್ಧ ಮಾತ್ರೆ

ನರಿನ್, ಅಕ್ಟೋಬರ್ 24

ಮೀರಿಮ್ ಮಗಳೇ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತೆನೆಂದು ಬೇಜಾರು ಮಾಡಿಕೊಳ್ಳಬೇಡ. ನಿನ್ನ ದೊಡ್ಡಮ್ಮ ಬುರುಲ್ ಜೊತೆ ಆಸ್ಪತ್ರೆಯಲ್ಲಿದ್ದೆ. ಅವಳ ಎದೆಯ ಗಂಟನ್ನು ಸೋಮವಾರ ತೆಗೆದರು. ಇನ್ನು ಸೂಜಿಯ ಔಷಧ. ಅದು ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ಬೇಸಿಗೆಯವರೆಗೆ ಕಾಯಬೇಕಂತೆ.

ಗಂಟಿನ ಚೂರನ್ನು ಪರೀಕ್ಷಿಸಿ ಬಿಷ್ಕೆಕ್‌ನ ನಿನ್ನ ಲ್ಯಾಬಿನಿಂದ ಬಂದ ವರದಿಯನ್ನು ಡಾಕ್ಟರು ನನ್ನೆದುರೇ ಓದಿದರು. "ಈ ಸಹಿ ಇದ್ರೆ ನಾವು ಎರಡನೇ ಸಲ ನೋಡೋದೇ ಇಲ್ಲ" ಅಂದರು. "ಆ ಸಹಿಯನ್ನ ಹೆತ್ತವಳು ನಾನೇ" ಎಂದುಬಿಟ್ಟೆ. ಹೇಳದೆ ಇರಬಹುದಿತ್ತು, ಆಗಲಿಲ್ಲ.

ದೊಡ್ಡಮ್ಮ ಎಂಟು ತಿಂಗಳು ಏಕೆ ತಡಮಾಡಿದಳು ಎಂದು ನೀನು ಕೇಳಿದ್ದೆ. ಫೆಬ್ರವರಿಯಲ್ಲಿ ಹೆಂಗಸರೆಲ್ಲ ಸೇರಿ ಒದ್ದೆ ಉಣ್ಣೆ ತುಳಿದು ಜಮಖಾನೆ ಮಾಡಿ ಮುಗಿಸಿ ಚಹಾಕ್ಕೆ ಕೂತಿದ್ದೆವು. ನನ್ನ ಎದೆಯ ಗಂಟು ಕೊಯ್ದು ತೆಗೆದು ಮೂರು ವರ್ಷವಾದರೂ ನಾನು ದಿನಾ ನುಂಗುವ ಮಾತ್ರೆ ಏನು ಮಾಡುತ್ತದೆ ಎಂದು ಹೆಂಗಸರು ಕೇಳಿದರು. ನೀನು ಕಲಿಸಿದ್ದನ್ನೇ ಹೇಳಿದೆ: "ನಮ್ಮ ಮೈಯಲ್ಲಿರೋ ಹೆಣ್ಣು ಹಾರ್ಮೋನು ಗಂಟಿನ ಮನೆಗೆ ಬಂದು ತೊರ್‌ನಲ್ಲಿ, ಹಿರಿಯರ ಜಾಗದಲ್ಲಿ, ಕೂತ್ರೇನೇ ಗಂಟು ಬೆಳೆಯೋದು. ಈ ಮಾತ್ರೆ ಮೊದಲೇ ಹೋಗಿ ಅಲ್ಲಿ ಕೂತುಬಿಡುತ್ತೆ. ತೊರ್‌ನಲ್ಲಿ ಕೂತವರನ್ನ ಏಳಿ ಅನ್ನೋಕಾಗುತ್ತಾ?"

"ನಮ್ಮತ್ತೆ ಥರ ಅನ್ನು," ಎಂದಳು ಬುರುಲ್. "ಸಾಯೋವರೆಗೂ ಎದ್ದಿರಲಿಲ್ಲ."

ಎಲ್ಲರೂ ನಕ್ಕರು. ಬಟ್ಟಲು ತೊಳೆಯುವಾಗ ಅವಳು ನನ್ನ ಕೈ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. ಗಂಟು ಬೆರಳಿಗೆ ಸಿಕ್ಕಿತು.

ಬಾಯಿಗೆ ಹಾಕುವುದನ್ನು ಪಕ್ಕದವರಿಗೆ ಕೊಡದೆ ತಿನ್ನುವವರು ನಮ್ಮಲ್ಲಿ ಉಂಟೇ? ಅಂದಿನಿಂದ ಮಾತ್ರೆಯನ್ನು ಚಾಕುವಿನಲ್ಲಿ ಸೀಳಿ ಇಬ್ಬರೂ ನುಂಗಿದೆವು. ಹಾರ್ಮೋನು ಕೂರುವ ಆ ಜಾಗ ಎಲ್ಲ ಗಂಟಿನಲ್ಲೂ ಇರುವುದಿಲ್ಲ, ಅವಳದರಲ್ಲಿ ಇಲ್ಲವೇ ಇಲ್ಲ, ಮಾತ್ರೆ ಅವಳಿಗೆ ವ್ಯರ್ಥ ಎಂದು ನಿನ್ನ ವರದಿ ಬಂದ ಮೇಲಷ್ಟೇ ತಿಳಿಯಿತು. ನಾನೀಗ ಇಡೀ ಮಾತ್ರೆ ನುಂಗುತ್ತಿದ್ದೇನೆ, ಬೈಯಬೇಡ.

ಈ ತಿಂಗಳು ಗಂಟು ಕಂಡ ಇಬ್ಬರನ್ನು ಅದೇ ವಾರ ಬಿಷ್ಕೆಕ್ ಬಸ್ಸು ಹತ್ತಿಸಿದೆ. "ಮೊದಲು ಮೀರಿಮ್ ನೋಡ್ಲಿ, ಆಮೇಲೆ ಔಷಧದ ಮಾತು" ಎಂದು ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಿನ್ನ ಕಣ್ಣು ಎಂದೂ ಮಸುಕಾಗದಿರಲಿ, ಕೈ ನಡುಗದಿರಲಿ.

ನಿನ್ನ ಅಮ್ಮ,
ಅನಿಪಾ

ಇನ್ನೊಂದು ಮಾತು: ಬುರುಲ್ ಮಾರ್ಚಿನಲ್ಲೇ ಆಸ್ಪತ್ರೆಗೆ ಹೊರಟು ಚೀಲ ಕಟ್ಟಿದ್ದಳು. "ನನ್ನ ಮಗಳಿಗಿಂತ ಅವರಿಗೇನು ಗೊತ್ತಕ್ಕಾ, ಬಿಚ್ಚು" ಎಂದು ತಡೆದವಳು ನಾನು. ಈಗ ನೋಡಲು ಬಂದವರಿಗೆಲ್ಲ, "ನಮ್ಮ ಅನಿಪಾ ತನ್ನ ಆಯುಸ್ಸನ್ನೇ ಸೀಳಿ ನನಗೆ ಕೊಟ್ಲು" ಎನ್ನುತ್ತಾಳೆ. ನಾನು ಬಾಯಿಬಿಟ್ಟಿಲ್ಲ.