ಗೀಸರಿನ ಗೆರೆಗಳು

ಕೊಟ್ಟೂರು
೧೨ ಜನವರಿ ೨೦೨೫, ಭಾನುವಾರ

ಅರುಣಕುಮಾರ್ ಅವರಿಗೆ,

ಸುಕನ್ಯಾಳ ನಮಸ್ಕಾರ. ನಿಮ್ಮ ತಾಯಿ ಆರಾಮಾಗಿದ್ದಾರೆ. ಮೊಣಕಾಲಿನ ಬಾವು ಇಳಿದಿದೆ, ಊಟವೂ ಸರಿಯಾಗಿ ಸೇರುತ್ತಿದೆ. ಮದುವೆಯಾದ ಒಂಬತ್ತು ವರ್ಷಗಳಲ್ಲಿ ನಿಮಗೆ ನಾನು ಕಾಗದ ಬರೆದವಳಲ್ಲ. ಫೋನಿನಲ್ಲಿ ಹೇಳಹೊರಟರೆ ಎರಡನೇ ಮಾತಿಗೇ ಅಡ್ಡ ಬರುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ. ಹಡಗಲಿಯ ನಿಮ್ಮ ರೂಮಿನಲ್ಲಿ ಒಬ್ಬರೇ ಕೂತು ಓದಿ.

ಹೋದ ವರ್ಷ ಅಮ್ಮ ಸ್ವಿಚ್ಚಿಗಾಗಿ ತಡಕಾಡುತ್ತಾ ಪಡಸಾಲೆಯಲ್ಲಿ ಬಿದ್ದಾಗ ನೀವು ಫೋನಿನಿಂದಲೂ ಹತ್ತಿಸಿ ಆರಿಸಬಹುದಾದ ಆ ಸ್ಮಾರ್ಟ್ ಪ್ಲಗ್ಗುಗಳನ್ನು ತಂದಿರಿ. ಅಮ್ಮನ ಮಂಚದ ಪಕ್ಕ ಒಂದು ಗುಂಡಿ ಇಟ್ಟು, ಒತ್ತಿದರೆ ಬಚ್ಚಲಿನ ದಾರಿಯವರೆಗೆ ದೀಪ ಹತ್ತುವ ಹಾಗೆ ಮಾಡಿದಿರಿ. ಓಣಿಯವರಿಗೆಲ್ಲ ನಾನೇ ಹೇಳಿಕೊಂಡು ತಿರುಗಿದೆ. ಆಮೇಲೆ ಗೀಸರಿಗೊಂದು, ಮಿಕ್ಸರಿಗೊಂದು, ಇಸ್ತ್ರಿಪೆಟ್ಟಿಗೆಗೊಂದು, ನನ್ನ ಹೊಲಿಗೆ ಯಂತ್ರದ ಮೋಟರಿಗೊಂದು ಬಂತು. ನಾನು ಮರೆತುಬಿಟ್ಟ ಇಸ್ತ್ರಿಪೆಟ್ಟಿಗೆಯನ್ನು ನೀವು ಹಡಗಲಿಯಿಂದಲೇ ಆರಿಸಿದ ದಿನ, ಎಷ್ಟು ದೂರದಲ್ಲಿದ್ದರೂ ನನ್ನ ಮೇಲೆ ಗಮನವಿದೆಯಲ್ಲ ಎಂದು ಖುಷಿಪಟ್ಟೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ಮೇಲೇ ನನಗೆ ಅಸಹ್ಯ.

ಆಮೇಲೆ ನಿಮ್ಮ ಪ್ರಶ್ನೆಗಳು ಶುರುವಾದವು. ಮಧ್ಯಾಹ್ನ ಒಂದು ತಾಸು ಮಿಷನ್ ಯಾಕೆ ನಿಂತಿತ್ತು, ಯಾರು ಬಂದಿದ್ದರು ಎಂದು ಕೇಳಿದಿರಿ. ಎದುರುಮನೆಯ ಭರಮಮ್ಮ ರವಿಕೆ ಅಳತೆ ಕೊಡಲು ಬಂದಿದ್ದಳು ಎಂದೆ. ಮರುದಿನ ಅವಳು ಬಂದಾಗ ನಾನು ಬಟ್ಟೆಯಿಲ್ಲದ ಮಿಷನ್ನನ್ನೇ ಸುಮ್ಮನೆ ಓಡಿಸುತ್ತಾ ಮಾತಾಡಿದೆ. ಅವಳು ನನ್ನ ಮುಖವನ್ನೇ ನೋಡಿ, “ಏನವ್ವ, ಬರೇ ಗಾಳಿ ಹೊಲ್ಯಾಕತ್ತೀಯಲ್ಲ” ಅಂದಳು.

ಅಷ್ಟನ್ನೂ ಸಹಿಸಿದ್ದೆ. ಆದರೆ ನವೆಂಬರಿನಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ನಿಮ್ಮ ತಮ್ಮ ಗುರುಬಸವರಾಜನ ಮಗಳ ತೊಟ್ಟಿಲ ಕಾರ್ಯದ ದಿನ ಊಟದ ಪಂಕ್ತಿಯಲ್ಲಿ ನೀವು ಫೋನ್ ತೆಗೆದಿರಿ. “ನಮ್ಮಾಕಿ ಸ್ನಾನಕ್ಕ ಹೊಂಟ್ರ ಇಪ್ಪತ್ತೆರಡು ನಿಮಿಷ, ಬೇಕಾದ್ರ ನೋಡ್ರಿ” ಎಂದು, ಯಾವಾಗ ಎಷ್ಟು ಹೊತ್ತು ಹತ್ತಿತ್ತೆಂದು ಹೇಳುವ ಗೀಸರಿನ ಗೆರೆಗಳನ್ನು ತೋರಿಸಿದಿರಿ. ಫೋನು ಕೈಯಿಂದ ಕೈಗೆ ಹೋಯಿತು. ನಿಮ್ಮ ತಮ್ಮ ಹೋಳಿಗೆಯ ತುಪ್ಪ ಹತ್ತಿದ ಬೆರಳಿನಿಂದಲೇ ಆ ಗೆರೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. “ತಿಂಗಳಿಗೆ ನಾಕು ದಿನ ಎರಡೆರಡು ಸಲ ಹಾಕ್ಯಾಳಲ್ಲೋ ಅಣ್ಣ” ಅಂದ. ಗಂಡಸರೆಲ್ಲ ನಕ್ಕರು. ನಾನು ಸಾರಿನ ಬಕೆಟ್ ಹಿಡಿದು ಅಲ್ಲೇ ನಿಂತಿದ್ದೆ. ನೀವೂ ನಕ್ಕಿರಿ. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಪಿತ್ತವೆಂದು ಯಾರೋ ನಿಂಬೆಹಣ್ಣು ಕೊಟ್ಟರು.

ಅಲ್ಲಿಂದ ಬಂದಮೇಲೆ ಗೀಸರ್ ಮುಟ್ಟಲಿಲ್ಲ. ಆ ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡೆ. ಬಚ್ಚಲ ಬಾಗಿಲು ಹಾಕಿದರೂ ಪಂಕ್ತಿಯಲ್ಲಿ ಕೂತವರೆಲ್ಲ ಒಳಗೇ ಇದ್ದ ಹಾಗೆ ಅನಿಸುತ್ತಿತ್ತು. ಹನ್ನೊಂದನೇ ದಿನ ಅಮ್ಮ ಕೇಳಿದರು: “ಯಾಕವ್ವ, ಹಲ್ಲು ಕಟಕಟ ಅನ್ನಾಕತ್ಯಾವು. ಗೀಸರ್ ಕೆಟ್ಟೈತೇನು?” ಎಲ್ಲ ಹೇಳಿದೆ. “ಎಲ್ಲಾ ಕಿತ್ತು ಗಟಾರಕ್ಕ ಒಗಿ. ನಂದೂ ಸೇರಿಸಿ” ಎಂದರು. ಕಿತ್ತರೆ ಅವರು ಮತ್ತೆ ಕತ್ತಲಲ್ಲಿ ಎದ್ದು ಬೀಳಬೇಕಲ್ಲ. ಅದಕ್ಕೇ ಕೈ ಬರಲಿಲ್ಲ.

ಕೂಡ್ಲಿಗಿಯಲ್ಲಿ ಐಟಿಐ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ ನನ್ನ ಗೆಳತಿ ಕೋಮಲಾ ನಿಮಗೆ ಗೊತ್ತು. ಅವಳಿಗೆ ಹೇಳಿದೆ. ಹೋದ ಭಾನುವಾರ ನೀವು ಡ್ಯೂಟಿಯಲ್ಲಿದ್ದಾಗ ಬಸ್ಸಿಗೆ ಬಂದಳು. “ಇದರಾಗ ಪ್ಲಗ್ಗಿನ ತಪ್ಪೇನಿಲ್ಲ ಸುಕನ್ಯಾ. ಅಮ್ಮ ಗುಂಡಿ ಒತ್ತಿದ್ದು ಮೊದಲು ಎಲ್ಲೋ ದೂರದ ಕಂಪ್ಯೂಟರಿಗೆ ಹೋಗ್ತೈತಿ, ಅಲ್ಲಿ ಬರಕೊಂಡು ತಿರುಗಿ ದೀಪಕ್ಕ ಬರ್ತೈತಿ. ಆ ಬರಕೊಂಡಿದ್ದನ್ನ ನಿನ್ನ ಗಂಡ ಓದ್ತಾನ. ಮಂಚದಿಂದ ದೀಪಕ್ಕ ಹತ್ತು ಹೆಜ್ಜಿ. ಆ ಮಾತು ಊರು ಬಿಟ್ಟು ಯಾಕ ಹೋಗಬೇಕು?” ಎಂದಳು.

ಮೇನ್ ಸ್ವಿಚ್ ಆರಿಸಿ ನಿಮ್ಮ ಪ್ಲಗ್ಗುಗಳನ್ನೆಲ್ಲ ತೆಗೆದಳು. ಅಮ್ಮನ ದೀಪಕ್ಕೆ ಸ್ವಿಚ್‌ಬೋರ್ಡಿನ ಹಿಂದೆ ದೀಪ ಹತ್ತಿಸಿ ಆರಿಸಲು ತಾನು ತಂದ ಚಿಕ್ಕ ರಿಲೇ ಕೂರಿಸಿದಳು. ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಟಿ.ವಿ. ಪಕ್ಕ ಕೂತು, ಅಮ್ಮ ಗುಂಡಿ ಒತ್ತಿದ್ದನ್ನು ಅದಕ್ಕೆ ತಿಳಿಸುತ್ತದೆ. ಅದು ಯಾವುದನ್ನೂ ಬರೆದಿಡುವುದಿಲ್ಲ. ಗೀಸರಿಗೂ ಮಿಷನ್ನಿಗೂ ಕೈಯಿಂದ ಒತ್ತುವ ಮಾಮೂಲಿ ಸ್ವಿಚ್ಚೇ ಸಾಕೆಂದಳು. ಕೊನೆಗೆ ಇಂಟರ್ನೆಟ್ಟಿನ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದು, “ಈಗ ಒತ್ರಿ ಅಮ್ಮ” ಅಂದಳು. ದೀಪ ಹತ್ತಿತು. ಅಮ್ಮ ಮತ್ತೆ ಮತ್ತೆ ಒತ್ತಿ ನೋಡಿದರು. ಅಂದು ಬಿಸಿನೀರಿನಲ್ಲಿ ತಲೆಗೆ ಎರೆದುಕೊಂಡೆ.

ನಿಮ್ಮ ಫೋನಿನಲ್ಲಿ ಮನೆ ಕಾಣದಾದದ್ದೇ ಒಂಬತ್ತು ಸಲ ಕರೆ ಮಾಡಿದಿರಿ. ಅಮ್ಮ ಹೇಗಿದ್ದಾರೆ ಎಂದು ಕೇಳಲಿಲ್ಲ. “ಎಲ್ಲಾ ಯಾಕ ಬಂದ್ ಆಗ್ಯಾವು” ಎಂದು ಕೇಳಿದಿರಿ. ತೆಗೆಸಿದೆ ಎಂದಾಗ, “ಕಾಳಜಿಗೆ ನೋಡತಿದ್ದೆ” ಅಂದಿರಿ. ಆ ಮಾತು ಕೇಳಿ ಎಂಜಲೆಲೆಯ ಮೇಲೆ ಕಾಲಿಟ್ಟ ಹಾಗಾಯಿತು.

ನಿಮ್ಮ ಪ್ಲಗ್ಗುಗಳನ್ನು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ನಾನು ಈ ಮನೆ ಬಿಟ್ಟು ಹೋಗುವುದಿಲ್ಲ. ಅಮ್ಮನೂ ನನಗೆ ಇಲ್ಲೇ ಇರು ಎಂದಿದ್ದಾರೆ. ಮುಂದಿನ ವಾರ ನೀವು ಬರಬೇಡಿ. ಪಂಕ್ತಿಯಲ್ಲಿ ಕೂತವರ ಎದುರಿಗೇ ನೀವು ಮಾಡಿದ್ದು ತಪ್ಪೆಂದು ಹೇಳುವ ಮನಸ್ಸಾದ ದಿನ ಹೇಳಿ ಕಳಿಸಿ. ಆಗ ಮಾತಾಡೋಣ.

ಇಂತಿ,
ಸುಕನ್ಯಾ

ತಾ.ಕ.: ಬರೆಯಬಾರದೆಂದೇ ಅಂದುಕೊಂಡಿದ್ದೆ. ಪ್ಲಗ್ಗು ತೆಗೆಯುವ ಮುಂಚೆ ಕೋಮಲಾ ನನ್ನ ಫೋನಿನಲ್ಲಿ ಆ ಪ್ಲಗ್ಗುಗಳ ಆ್ಯಪ್ ತೆರೆದು, ನಮ್ಮ ಮನೆಯನ್ನು ಯಾರು ಯಾರು ನೋಡಬಹುದು ಎಂಬ ಪಟ್ಟಿ ತೋರಿಸಿದಳು. ನಿಮ್ಮದು, ನನ್ನದು, ಮೂರನೆಯದು ಗುರುಬಸವರಾಜನ ನಂಬರು. ಸೇರಿಸಿದವರು ನೀವು, ತೊಟ್ಟಿಲ ಕಾರ್ಯಕ್ಕೆ ಐದು ತಿಂಗಳ ಮುಂಚೆ; ತಾರೀಖು ಅಲ್ಲೇ ಇತ್ತು. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಅವರು ಹೆತ್ತ ಮಕ್ಕಳಿಬ್ಬರೂ ಜೊತೆಯಲ್ಲಿ ಬಂದು ಹೇಳಿ.