ದುಡಿಯುವವರ ಪಕ್ಷದ ಹೆಸರುಗಲ್ಲು

ಕರಿಗುಡ್ಡ, ಸೇಡಂ ಸೀಮೆ
2263, ಫೆಬ್ರವರಿ 30

ಈ ಪಕ್ಷ ಕಟ್ಟಿದ ಹಿಂದಿನ ಸಂಗಾತಿಗಳೇ,

ನಡುಹೊತ್ತಿಗೆ ನೆರಳು ಕೊಡುತ್ತೇವೆ ಎಂದರು, ಕೊಡಲಿಲ್ಲ. ನೀರಿನ ಕೊಳವೆ ಎಂದರು, ಅದು ಗಾಜು ತೊಳೆಯಲು ಬಂತು, ನಮ್ಮ ಬಾಯಿಗಲ್ಲ. ಆಸ್ಪತ್ರೆ ಎಂದರು, ಬೋರ್ಡು ಮಾತ್ರ ಬಂತು. ಕೊಡದವರು ಬೇರೆ ಯಾರೂ ಅಲ್ಲ, ನಮ್ಮದೇ ದುಡಿಯುವವರ ಪಕ್ಷದವರು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಹೆಚ್ಚಾದ ಎರಡೂ ದುಡಿಮೆಗೇ ಹೋದವು. ಪದಗಳು ವಿಚಿತ್ರ ಅನಿಸಿದರೆ ಮನ್ನಿಸಿ. ನಿಮ್ಮ ಕಲ್ಲುಗಣಿಗಳ ಮೇಲೆ ಈಗ ಹರದಾರಿಗಟ್ಟಲೆ ಗಾಜು ಹಾಸಿದೆ. ಕರೆಂಟು ಬೆಳೆಯುವ ಆ ಜಾಗಕ್ಕೆ ಬಿಸಿಲುಗದ್ದೆ ಎನ್ನುತ್ತೇವೆ. ಅದರ ಧೂಳು ಒರೆಸುವವರು ನಾವು, ಒರೆಸಾಳುಗಳು. ಕಳೆದ ಬೇಸಿಗೆ ಐವತ್ತೆರಡು ಡಿಗ್ರಿಯಲ್ಲಿ ಮೂವರು ಗಾಜಿನ ಮೇಲೆಯೇ ಬಿದ್ದು ಸತ್ತರು.

ಪಕ್ಷದ ಹೆಸರು ಇಲ್ಲಿ ಪಕ್ಷದ ಸ್ವತ್ತಲ್ಲ, ಊರಿನದು. ನೀವು ಕೆತ್ತಿದ ಹೆಸರುಗಲ್ಲನ್ನು ಏಳು ವರ್ಷಕ್ಕೊಮ್ಮೆ ಗೋಡೆಯಿಂದ ಇಳಿಸಿ, ಆ ಹೆಸರಿಗೆ ಈಗಿನ ಪಕ್ಷದವರು ತಕ್ಕವರೇ ಎಂದು ಊರು ಕೂತು ನಿರ್ಧರಿಸಬೇಕು. ಕಾನೂನು ಹಾಗಿದೆ. ನಾವು ಮಾತ್ರ ತಲೆತಲಾಂತರದಿಂದ ಕಲ್ಲಿಗೆ ಹಾರ ಹಾಕಿ ಮನೆಗೆ ಹೋಗುತ್ತಾ ಬಂದೆವು. ತಪ್ಪು ನಮ್ಮದೇ.

ನಿನ್ನೆ ಊರ ಸಭೆಯಲ್ಲಿ ಪಕ್ಷದ ಅಧ್ಯಕ್ಷ ಚಂದ್ರಾಮಪ್ಪ ಗದ್ದೆಯ ಮಾಲೀಕರನ್ನೂ ಪಕ್ಷಕ್ಕೆ ಸೇರಿಸಿಕೊಳ್ಳೋಣ ಎಂದ. "ಅವರೂ ದುಡೀತಾರಲ್ರೀ, ತಲೀಲೆ."

ಒರೆಸಾಳು ಭೀಮಬಾಯಿ ಕೂತಲ್ಲಿಂದಲೇ ಕೇಳಿದಳು: "ತಲೀಲೆ ದುಡದು ಯಾರರ ಸತ್ತಾರೇನ್ ಹೇಳಪಾ."

ಸಭೆ ನಕ್ಕಿತು. ಅವಳು ನಗಲಿಲ್ಲ, ಸತ್ತವರಲ್ಲಿ ಒಬ್ಬಳು ಅವಳ ತಂಗಿ. "ಕಲ್ಲು ಇಳಸ್ರಿ" ಎಂದಳು.

ಇಳಿಸಿದೆವು. ಹಿಂಬದಿಯಲ್ಲಿ ನಿಮ್ಮ ಉಳಿಯ ಅಕ್ಷರಗಳಿದ್ದವು: 'ನಡುಹೊತ್ತಿಗೆ ನೆರಳು. ಕುಡಿಯಲು ನೀರು. ಹೆಣ್ಣಾಳಿಗೂ ಅದೇ ಕೂಲಿ. ಇದಕ್ಕೆ ನಿಲ್ಲುವವರಿಗೆ ಮಾತ್ರ ಈ ಹೆಸರು.' ನಾಲ್ಕು ನೂರು ಜನ ಒಬ್ಬರ ಹಿಂದೊಬ್ಬರು ಬಾಗಿ ಓದಿದೆವು. ಮೊದಲ ಎರಡನ್ನು ನಾವು ಇಂದಿಗೂ ಕೇಳುತ್ತಿದ್ದೇವೆ. ಮೂರನೆಯದು ನಮಗೆ ಸಿಕ್ಕಿದೆ. ಹುಟ್ಟಿದಾಗಿನಿಂದ ಅನುಭವಿಸುತ್ತಿದ್ದೇವೆ, ಗಾಳಿಯಂತೆ. ಅದನ್ನು ಯಾರೋ ಹೊಡೆದಾಡಿ ತಂದರೆಂದು ನಮಗೆ ತಿಳಿದೇ ಇರಲಿಲ್ಲ. ಭೀಮಬಾಯಿ ಆ ಸಾಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಇನ್ನು ಮುಂದೆ ಪಕ್ಷಕ್ಕೆ ಹೆಸರಿಡುವಾಗ ಅದರ ಅರ್ಥವನ್ನು ಮುಂಬದಿಯಲ್ಲೇ ಕೆತ್ತಿ, ಓದಲು ಬರುವ ಎತ್ತರದಲ್ಲಿ ನಿಲ್ಲಿಸಿ. ಹಾರ ಹಾಕಲು ಜಾಗ ಬಿಡಬೇಡಿ.

ಹೆಸರು ಯಾರದೆಂದು ಕೈ ಎತ್ತಿ ನಿರ್ಧರಿಸುತ್ತೇವೆ. ಮಾಲೀಕರಿಗೂ ಕರೆ ಹೋಗಿದೆ. ಸಭೆ ಬಿಸಿಲುಗದ್ದೆಯ ನಡುವೆ, ಚಪ್ಪರವಿಲ್ಲದೆ: ಮಾರ್ಚ್ ಎರಡು, ಬುಧವಾರ, ಮಧ್ಯಾಹ್ನ ಹನ್ನೆರಡೂವರೆ.