ಎದೆಗೆ ಸವರಿದ ಸೆರಮೈಡ್

ಪ್ರಯೋಗಾಲಯದ ಎರಡನೇ ಮಹಡಿ,
ಮಾರ್ಚ್ ೧೧, ಸೋಮವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಕಾಗದದ ಮರ್ಯಾದೆಗೆ ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎಂದು ಮಾತ್ರ ಬರೆಯಬೇಡಿ. ನಿನ್ನೆ ಅಮ್ಮ ಫೋನ್ ಮಾಡಿ ಎಲ್ಲ ಹೇಳಿದಳು. ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟುಬಿಟ್ಟಿದ್ದೀರಂತೆ. ಅಷ್ಟೇ ಆಗಿದ್ದರೆ ಒಂದು ತೂಕ. ಅದರ ಬದಲಿಗೆ ಸೆರಮೈಡ್ ಇರುವ ಮುಖದ ಕ್ರೀಮು ತಂದು ದಿನಾ ಸ್ನಾನ ಮಾಡಿ ಎದೆಗೆ ಸವರಿಕೊಳ್ಳುತ್ತಿದ್ದೀರಂತೆ! ಅಮ್ಮ ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯದೆ ತಲೆ ಚಚ್ಚಿಕೊಂಡೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ‘ಅಪ್ಪಾ’ ಅನ್ನುವಷ್ಟರಲ್ಲಿ ‘ಇರು, ಅಮ್ಮನಿಗೆ ಕೊಡ್ತೀನಿ’ ಎಂದು ದಾಟಿಸಿಬಿಡುತ್ತೀರಿ. ಕಾಗದವಾದರೆ ಕೈಯಲ್ಲಿ ಪೆನ್ನು ಹಿಡಿದಾದರೂ ಕೊನೆತನಕ ಓದುತ್ತೀರಿ.

ಹೋದ ಸಲದ ಕಾಗದದಲ್ಲಿ ನನ್ನ ಕೆಲಸದ ಬಗ್ಗೆ ಬರೆದದ್ದೇ ತಪ್ಪಾಯಿತು. ಸಂತೋಷಕ್ಕೆ ಬರೆದೆ ಅಪ್ಪಾ, ಅಷ್ಟು ದಿನ ಕೈಗೆ ಸಿಗದ ಫಲಿತಾಂಶ ಸಿಕ್ಕಿತ್ತು. ಇನ್ನೊಮ್ಮೆ ಹೇಳುತ್ತೇನೆ, ಈ ಸಲ ಗಮನವಿಟ್ಟು ಓದಿ. ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಒಂದು ಪೊರೆ ಇದೆ. ಕೊಬ್ಬಿನ ಅಣುಗಳು ಒತ್ತೊತ್ತಾಗಿ ಎರಡು ಸಾಲು ನಿಂತು ಆದದ್ದು ಅದು. ತಲೆ ನೀರಿನ ಕಡೆಗೆ, ಬಾಲ ಒಳಗಡೆಗೆ. ಕೊಲೆಸ್ಟ್ರಾಲಿಗೂ ಸೆರಮೈಡ್ ಎಂಬ ಇನ್ನೊಂದು ಕೊಬ್ಬಿಗೂ ತಲೆ ಪುಟ್ಟದು, ನೀರು ಕಂಡರಾಗದ ಮೈ ದೊಡ್ಡದು. ಹಾಗಾಗಿ ಎರಡಕ್ಕೂ ದೊಡ್ಡ ತಲೆಯ ನೆರೆಯವರ ಮರೆಯೇ ಬೇಕು, ಒಂದೇ ಕೊಡೆಯ ಕೆಳಗೆ ಇಬ್ಬರು ನುಗ್ಗಿದ ಹಾಗೆ. ಸೆರಮೈಡ್ ಹೆಚ್ಚಾಗಿ ಬಂದರೆ ಆ ಜಾಗದಿಂದ ಕೊಲೆಸ್ಟ್ರಾಲನ್ನು ಆಚೆಗೆ ತಳ್ಳಿಬಿಡುತ್ತದೆ. ನಾನು ಕಂಡದ್ದು ಇಷ್ಟೇ. ಕಂಡದ್ದು ಗಾಜಿನ ಬಟ್ಟಲಲ್ಲಿ, ನಾವೇ ಮಾಡಿದ ಪೊರೆಯಲ್ಲಿ. ಮನುಷ್ಯರ ಮೈಯಲ್ಲಲ್ಲ, ನಿಮ್ಮ ಮೈಯಲ್ಲಂತೂ ಅಲ್ಲವೇ ಅಲ್ಲ!

ಈ ಮಾತನ್ನು ಆ ಕಾಗದದಲ್ಲೂ ಬರೆದಿದ್ದೆ. ನೀವು ಅದರಲ್ಲಿದ್ದ ಅಕ್ಷರದ ತಪ್ಪುಗಳಿಗೆ ಕೆಂಪು ಗೆರೆ ಎಳೆದು ನನಗೇ ವಾಪಸ್ಸು ಕಳಿಸಿದಿರಿ. ಜೀವಮಾನವಿಡೀ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಲೇ ಬಂದವರಲ್ಲವೇ! ‘ಅರ್ಥದ ಹಿಂದೆ ಹೋದ್ರೆ ತಪ್ಪು ಕಣ್ಣಿಗೆ ಬೀಳಲ್ಲ, ಅಕ್ಷರ ಮಾತ್ರ ನೋಡಬೇಕು’ ಎಂದು ಚಿಕ್ಕವಳಿದ್ದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದಿರಿ. ಪರರ ಪುಸ್ತಕಕ್ಕೆ ಅದು ಸರಿ. ಮಗಳ ಕಾಗದವನ್ನೂ ಹಾಗೇ ಓದಿ, ‘ಕೊಲೆಸ್ಟ್ರಾಲನ್ನು ತಳ್ಳಿಬಿಡುತ್ತದೆ’ ಎಂಬ ಒಂದು ಸಾಲನ್ನು ಮಾತ್ರ ತಲೆಗೆ ಹಾಕಿಕೊಂಡರೆ ನಾನು ಏನು ಮಾಡಲಿ?

ತಳ್ಳಿಸಿಕೊಂಡ ಕೊಲೆಸ್ಟ್ರಾಲ್ ಗಂಟುಮೂಟೆ ಕಟ್ಟಿಕೊಂಡು ಮೈಬಿಟ್ಟು ಹೋಗುವುದಿಲ್ಲ ಅಪ್ಪಾ. ಜೀವಕೋಶಕ್ಕೆ ಅದು ಬೇಕೇ ಬೇಕು, ಅದಿಲ್ಲದೆ ಪೊರೆ ಗಟ್ಟಿಯಾಗಿ ನಿಲ್ಲುವುದಿಲ್ಲ. ನಿಮ್ಮ ತೊಂದರೆ ಇರುವುದು ರಕ್ತದಲ್ಲಿ. ಅಲ್ಲಿ ಅದು ಮಿತಿಮೀರದ ಹಾಗೆ ನೋಡಿಕೊಳ್ಳುವುದು ಮಾತ್ರೆ, ಕ್ರೀಮಲ್ಲ. ಕ್ರೀಮು ಚರ್ಮ ಒಡೆಯದಿರಲಿ ಎಂದು ಹಚ್ಚುವುದು. ಆ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಏನೇನು ಹಾಕಿದ್ದಾರೆಂದು ಓದಿದಿರಾ? ನನ್ನ ಮೇಜಿನ ಮೇಲೂ ಅದೇ ಡಬ್ಬಿ ಇದೆ. ಸೆರಮೈಡಿನ ಪಕ್ಕದಲ್ಲೇ ಕೊಲೆಸ್ಟ್ರಾಲ್ ಎಂದೂ ಅಚ್ಚಾಗಿದೆ! ಚರ್ಮಕ್ಕೆ ಎರಡೂ ಬೇಕು, ಅದಕ್ಕೇ ಹಾಕಿದ್ದಾರೆ. ಅಲ್ಪವಿರಾಮ ತಪ್ಪಿದರೂ ಹಿಡಿಯುವ ನಿಮ್ಮ ಕಣ್ಣಿಗೆ ಅದು ಬೀಳಲಿಲ್ಲವೇ?

ಸಾಲದ್ದಕ್ಕೆ ಪ್ರೆಸ್ಸಿನಲ್ಲೆಲ್ಲ ಡಂಗುರ ಸಾರಿದ್ದೀರಿ. ‘ನನ್ನ ಮಗಳೇ ಕಂಡುಹಿಡಿದಿದ್ದಾಳೆ’ ಎಂದಿರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಅಲ್ಲಿ ಪುಸ್ತಕ ಕಟ್ಟುವ ನಮ್ಮ ಬೈಂಡರ್ ಮಾವನೂ ಒಂದು ಡಬ್ಬಿ ತಂದಿದ್ದಾನಂತೆ. ಪುಣ್ಯಕ್ಕೆ ಅವನ ಹೆಂಡತಿ ಬಯ್ದು ಮಾತ್ರೆ ನುಂಗಿಸುತ್ತಿದ್ದಾಳೆ. ನೀವು ಅಮ್ಮ ಬಯ್ದರೆ ಕೇಳುವವರಲ್ಲ. ಪ್ರೆಸ್ಸಿನ ಮೆಟ್ಟಿಲ ನಡುವೆ ನಿಂತು, ಸರಿಯಾಗೇ ಇರುವ ಚಪ್ಪಲಿಯನ್ನು ಸರಿಮಾಡಿಕೊಳ್ಳುತ್ತೀರಂತೆ. ಅಮ್ಮ ಬುತ್ತಿ ಕೊಡಲು ಬಂದಾಗ ಕಂಡಳು. ಅದು ಚಪ್ಪಲಿಗಲ್ಲ, ಉಸಿರಿಗೆ ಎಂದು ಅವಳಿಗೆ ಗೊತ್ತಾಗಿದೆ, ಈಗ ನನಗೂ ಗೊತ್ತಾಗಿದೆ. ನನ್ನ ಮೇಲಿನ ಹೆಮ್ಮೆಯಿಂದ ನಿಮಗೆ ಏನಾದರೂ ಆದರೆ ನಾನು ಮತ್ತೆ ಈ ಬಟ್ಟಲುಗಳ ಮುಂದೆ ಹೇಗೆ ಕೂರಲಿ? ಸಿಟ್ಟು ಬರುತ್ತದೆ ಅಪ್ಪಾ, ಕೈಲಾಗದ ಸಿಟ್ಟು. ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಮೆಟ್ಟಿಲ ವಿಷಯವನ್ನೂ ಮುಚ್ಚಿಡದೆ ಹೇಳಿ.

ಅಮ್ಮನಿಗೆ ನನ್ನ ಪ್ರೀತಿ, ಬೈಂಡರ್ ಮಾವನಿಗೆ ನನ್ನ ಬೈಗುಳ ತಲುಪಿಸಿ. ನಿಮಗೆ ಎರಡೂ.

ನಿಮ್ಮ
ಮೆಣಸಿನಕಾಯಿ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವಾರ ಇಲ್ಲಿ ನಮಗೆಲ್ಲ ರಕ್ತ ಪರೀಕ್ಷೆ ಮಾಡಿದರು. ನನ್ನ ಕೊಲೆಸ್ಟ್ರಾಲ್ ನಿಮ್ಮದಕ್ಕಿಂತಲೂ ಹೆಚ್ಚಿದೆ. ಈ ವಯಸ್ಸಿಗೆ ಇಷ್ಟಿದ್ದರೆ ಅದು ಊಟದಿಂದ ಬಂದದ್ದಲ್ಲ, ಮನೆತನದ್ದು ಎಂದರು ಡಾಕ್ಟರು. ಮನೆಯಲ್ಲಿ ಯಾರಿಗಿದೆ ಎಂದು ಕೇಳಿದರು. ‘ನಮ್ಮಪ್ಪನಿಗೆ’ ಎಂದೆ. ನಿಮಗೆ ಕೊಟ್ಟ ಮಾತ್ರೆಯನ್ನೇ ನನಗೂ ಬರೆದುಕೊಟ್ಟಿದ್ದಾರೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ‘ಬೇಡ ಬಿಡು ಮಗಳೇ, ಮಾತ್ರೆ ಇಲ್ಲದೆ ನಡೆಯುತ್ತೆ’ ಎಂದು ನನಗೆ ಹೇಳುವ ಧೈರ್ಯ ನಿಮಗಿದ್ದರೆ ಹೇಳಿ, ನಾನೂ ಬಿಡುತ್ತೇನೆ. ಇಲ್ಲದಿದ್ದರೆ ಇವತ್ತೇ ನಿಮ್ಮದನ್ನು ತೆಗೆದುಕೊಳ್ಳಿ ಅಪ್ಪಾ. ನನಗೆ ಭಯವಾಗುತ್ತಿದೆ.